ಬಂದು ಹೋಗುವ ದೋಷವನ್ನು ಹಿಡಿಯುವುದು: ಮಳೆಸೀಮೆಯ ಹಳೆಯ ಕಾರಿನ ವೈರಿಂಗ್

ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿದ ಕೂಡಲೇ ಕಾರು ಸಂಭಾವಿತನಾಗಿಬಿಡುತ್ತದೆ. ಹೆಡ್‌ಲೈಟ್ ಉರಿಯುತ್ತದೆ, ವೈಪರ್ ತಿರುಗುತ್ತದೆ, ಸೆಲ್ಫ್ ಒಂದೇ ಹೊಡೆತಕ್ಕೆ ಎಂಜಿನ್ ಎಬ್ಬಿಸುತ್ತದೆ. ಮೆಕ್ಯಾನಿಕ್ ನಿಮ್ಮ ಮುಖ ನೋಡುತ್ತಾನೆ, ನೀವು ಕಾರಿನ ಮುಖ ನೋಡುತ್ತೀರಿ. ಮನೆಗೆ ಮರಳುವ ದಾರಿಯಲ್ಲಿ ಮೂರನೆಯ ತಿರುವಿಗೆ ಮತ್ತೆ ಎಲ್ಲ ಆರಿಹೋಗುತ್ತದೆ.

ನನ್ನದು ತೊಂಬತ್ತರ ದಶಕದ ಪುಟ್ಟ ಪೆಟ್ರೋಲ್ ಕಾರು, ಕೆಎ 12 ನೋಂದಣಿ, ಕೊಡಗಿನ ನಾಪೋಕ್ಲು ಕಡೆಯ ತೋಟದ ಶೆಡ್ಡಿನಲ್ಲಿ ವಾಸ. ಎರಡು ಮಳೆಗಾಲ ಅದು ನನ್ನನ್ನು ಆಟವಾಡಿಸಿತು. ಮೊದಲು ಬ್ಯಾಟರಿ ಬದಲಿಸಿದೆ. ಆಮೇಲೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದೆ. ಅದಾದ ಮೇಲೆ ಸೆಲ್ಫ್ ಮೋಟರಿಗೂ ದುಡ್ಡು ಸುರಿದೆ. ಕೊನೆಗೆ ಸಿಕ್ಕಿಬಿದ್ದದ್ದು ಗೇರ್‌ಬಾಕ್ಸಿನ ಮೇಲೆ ಮೈನಸ್ ಕೇಬಲ್ ಬಂದು ಕೂರುವ ಒಂದು ಬೋಲ್ಟ್. ಮೇಲಿನಿಂದ ನೋಡಿದರೆ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಕೇಬಲ್ಲಿನ ತುದಿಯ ಬಳೆಯ ಅಡಿಯಲ್ಲಿ ತುಕ್ಕಿನ ಪುಡಿ, ಅದರ ಮೇಲೆ ಎಣ್ಣೆ ಜಿಡ್ಡು, ನಡುವೆ ಉಗುರಿನಷ್ಟು ಜಾಗ ಮಾತ್ರ ಹೊಳೆಯುವ ಲೋಹ. ಆ ಉಗುರಿನಷ್ಟು ಜಾಗದಲ್ಲಿ ಕಾರಿನ ಅಷ್ಟೂ ಕರೆಂಟು ಹಾದುಹೋಗಬೇಕಿತ್ತು.

ಅಂದಿನಿಂದ ನಾನು ಹಿಡಿದ ಪಟ್ಟು ಇದು: ಇಪ್ಪತ್ತು ವರ್ಷ ದಾಟಿದ ಕಾರಿನಲ್ಲಿ ಬಂದು ಹೋಗುವ ದೋಷವನ್ನು ಸಾಮಾನಿನಲ್ಲಿ ಹುಡುಕಬಾರದು, ಎರಡು ಸಾಮಾನು ಕೂಡುವ ಜಾಗದಲ್ಲಿ ಹುಡುಕಬೇಕು. ಸುಟ್ಟುಹೋದ ಮೋಟರ್ ಸುಟ್ಟೇ ಇರುತ್ತದೆ, ನಾಳೆ ಬೆಳಿಗ್ಗೆ ತಾನಾಗಿ ಸರಿಹೋಗುವುದಿಲ್ಲ. ತಾನಾಗಿ ಸರಿಹೋಗುತ್ತದೆ ಎಂದರೆ ಎಲ್ಲಿಯೋ ಎರಡು ಲೋಹಗಳು ಒಮ್ಮೆ ತಾಗುತ್ತಿವೆ, ಒಮ್ಮೆ ಬಿಡುತ್ತಿವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ನಮ್ಮ ಕಡೆ, ಅದರಲ್ಲೂ ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ, ಬಟ್ಟೆಯೇ ಒಣಗುವುದಿಲ್ಲ. ತಾಮ್ರದ ಮೇಲೆ ಹಸಿರು ಕಿಲುಬು ಏಳದೆ ಇರುತ್ತದೆಯೇ? ಇದಕ್ಕೆ ಕಾಫಿ ತೋಟದೊಳಗಿನ ಕಲ್ಲುದಾರಿಯ ಕುಲುಕಾಟ ಸೇರಿದರೆ ಆಯಿತು. ಕೆಲವು ಅಪವಾದಗಳಿವೆ, ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ, ಬಿಸಿಯಾದಾಗ ಮಾತ್ರ ಕೈಕೊಡುವ ಇಗ್ನಿಷನ್ ಕಾಯಿಲ್ ಅವುಗಳಲ್ಲಿ ಒಂದು. ಅದಕ್ಕೆ ಆಮೇಲೆ ಬರೋಣ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್

ಸ್ಪ್ಯಾನರ್ ಹಿಡಿಯುವ ಮೊದಲು ಪೆನ್ ಹಿಡಿಯಿರಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕವಿರಲಿ. ದೋಷ ಕಂಡಾಗಲೆಲ್ಲ ಒಂದು ಸಾಲು ಬರೆಯಿರಿ: ಎಲ್ಲಿ, ಎಷ್ಟು ಹೊತ್ತಿಗೆ, ಮಳೆಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಏನೇನು ಆನ್ ಆಗಿತ್ತು, ರಸ್ತೆ ಹೇಗಿತ್ತು, ಏನು ಮಾಡಿದಾಗ ಸರಿಹೋಯಿತು. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘ಭಾಗಮಂಡಲದಿಂದ ಬರುವಾಗ, ಸಂಜೆ 6.30, ಜೋರು ಮಳೆ, ಹೆಡ್‌ಲೈಟ್ ಮತ್ತು ವೈಪರ್ ಆನ್. ಹಾರ್ನ್ ಒತ್ತಿದರೆ ಮೀಟರಿನ ದೀಪಗಳೆಲ್ಲ ಮಂಕು.’ ಬರೆದ ದಿನ ಇದು ಗೊಣಗಾಟದಂತೆ ಕಂಡಿತ್ತು. ಇಂಥವು ಐದು ಸಾಲು ಕೂಡಿದ ಮೇಲೆ ಎಲ್ಲದರಲ್ಲೂ ‘ಹೆಚ್ಚು ಕರೆಂಟು ಎಳೆಯುವಾಗ’ ಎನ್ನುವುದು ಸಮಾನವಾಗಿರುವುದು ಕಾಣಿಸಿತು.

ಸಾಲುಗಳನ್ನು ಓದುವುದು ಹೀಗೆ. ಮಂಜು ಕವಿದ ಬೆಳಿಗ್ಗೆ ಸ್ಟಾರ್ಟ್ ಆಗದೆ, ಬಿಸಿಲೇರಿದ ಮೇಲೆ ಏನೂ ಆಗದವನಂತೆ ಓಡಿದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ಪ್ಲಗ್ ವೈರುಗಳಲ್ಲಿ ತೇವ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಏರಿ ಬಂದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಓಡಿದರೆ ಬಿಸಿಯ ದೋಷ. ಹಳ್ಳ ಹಾರಿದಾಗ ಎಲ್ಲ ದೀಪ ಒಟ್ಟಿಗೆ ಆರಿ ಹತ್ತಿಕೊಂಡರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್ ಅಥವಾ ಕೀಲಿಯ ಸ್ವಿಚ್. ಬಲ ತಿರುವಿನಲ್ಲಿ ಮಾತ್ರ ಆದರೆ ಎಂಜಿನ್ ಒಂದು ಬದಿಗೆ ವಾಲಿದಾಗ ಎಳೆದಾಡುವ ಯಾವುದೋ ವೈರ್. ಎರಡು ದಿನ ಶೆಡ್ಡಿನಲ್ಲಿ ನಿಂತರೆ ಸಾಕು, ಬ್ಯಾಟರಿ ಖಾಲಿ ಎಂದಾದರೆ ಅದು ಕರೆಂಟು ಸೋರಿಕೆ, ಅದರ ದಾರಿಯೇ ಬೇರೆ. ‘ಎಲ್ಲ ಒಟ್ಟಿಗೆ ಹೋಯಿತೋ, ಒಂದೇ ಹೋಯಿತೋ’ ಎಂಬುದನ್ನು ತಪ್ಪದೆ ಬರೆಯಿರಿ. ಒಂದೇ ಹೋದರೆ ಆ ಒಂದರ ದಾರಿ ಹಿಡಿಯಿರಿ, ಎಲ್ಲವೂ ಹೋದರೆ ಎಲ್ಲಕ್ಕೂ ಸಮಾನವಾದ ಜಾಗಕ್ಕೆ ಹೋಗಿ.

ಬೇಕಾದ ಸಲಕರಣೆ

ಹೆಚ್ಚೇನೂ ಬೇಡ. ಅಗ್ಗದ ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಎಮರಿ ಪೇಪರ್, ತಂತಿ ಬ್ರಷ್, ಕೆಲವು ಸ್ಪ್ಯಾನರ್, ಜಂಪರ್ ಕೇಬಲ್, ಗಿಡಗಳಿಗೆ ನೀರು ಸಿಂಪಡಿಸುವ ಸಣ್ಣ ಕೈ ಸ್ಪ್ರೇ. ಕೆಲಸಕ್ಕೆ ಮೊದಲು ಕೈಯ ಉಂಗುರ, ಕಡಗ, ಲೋಹದ ಪಟ್ಟಿಯ ವಾಚ್ ತೆಗೆದಿಡಿ. ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣಾರ್ಧದಲ್ಲಿ ಕಾದು ಬೆರಳು ಸುಡುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲ ಬಿಡುತ್ತದೆ.

ಬ್ಯಾಟರಿ: ಹತ್ತು ನಿಮಿಷದ ಕೆಲಸ

ರಾತ್ರಿ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಬಂದರೆ ತುಂಬಿದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಅರೆಹೊಟ್ಟೆಯ ಬ್ಯಾಟರಿ ಇಟ್ಟುಕೊಂಡು ಮಾಡುವ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ. ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಮೀಟರ್ ನೋಡಿ. ಆಗ 9.6 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗಲೂ 13 ದಾಟದಿದ್ದರೆ ಆಲ್ಟರ್ನೇಟರಿನ ಕಡೆ ತಿರುಗಿ, ಅದರಲ್ಲೂ ಬೆಲ್ಟ್ ಮೊದಲು. ಮಳೆನೀರು ಸಿಡಿದು ನೆನೆದ ಸಡಿಲ ಬೆಲ್ಟ್ ಜಾರಿ ಕಿರುಚುತ್ತದೆ, ಚಾರ್ಜ್ ದೀಪ ಮಿಣುಕುತ್ತದೆ, ಒಣಗಿದ ಮೇಲೆ ಸುಮ್ಮನಾಗುತ್ತದೆ. ಇದನ್ನೇ ‘ಆಲ್ಟರ್ನೇಟರ್ ಹೋಗಿದೆ’ ಎಂದುಕೊಂಡವರು ನಾನೊಬ್ಬನೇ ಅಲ್ಲ.

ಇಲ್ಲಿ ಒಂದು ಹಳೆಯ ಚಟದ ಬಗ್ಗೆ ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ‘ಡೈನಮೋ ಚೆನ್ನಾಗಿದೆ’ ಎನ್ನುವವರಿದ್ದಾರೆ. ದಯವಿಟ್ಟು ನಿಮ್ಮ ಕಾರಿಗೆ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡುಗಳನ್ನೂ, ಇಂಜೆಕ್ಷನ್ ಕಾರಾದರೆ ಅದರ ಕಂಪ್ಯೂಟರನ್ನೂ ಕೊಲ್ಲಬಹುದು.

ಟರ್ಮಿನಲ್ ಹಿಡಿದು ತಿರುಗಿಸಿ ನೋಡಿ. ಕೈಯಿಂದ ಕದಲಿದರೆ ಅದೇ ಕಳ್ಳ. ಬಿಳಿ ಅಥವಾ ಹಸಿರು ಹೂವು ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ಬಿಸಿನೀರು ಹಾಕಿ ತೊಳೆಯಿರಿ, ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ಕಂಬವನ್ನೂ ಹಿಡಿಕೆಯ ಒಳಮೈಯನ್ನೂ ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲು ಬಿಗಿ, ಆಮೇಲೆ ಜೆಲ್ಲಿ.

ಅರ್ಥ್: ಇಲ್ಲಿ ನಿಧಾನವಾಗಿ ಓದಿ

ಕಾರಿನಲ್ಲಿ ಹೋಗುವ ಕರೆಂಟಿಗೆ ವೈರ್ ಇದೆ, ಬರುವ ಕರೆಂಟಿಗೆ ಕಾರಿನ ಮೈಯೇ ವೈರ್. ಹೆಡ್‌ಲೈಟಿನಿಂದ, ಹಾರ್ನಿನಿಂದ, ಸೆಲ್ಫಿನಿಂದ ಎಲ್ಲವೂ ತಗಡಿನ ಮೂಲಕ ಹರಿದು ಬ್ಯಾಟರಿಯ ಮೈನಸ್‌ಗೆ ಮರಳಬೇಕು. ಮರಳುವ ಈ ದಾರಿಯೇ ಅರ್ಥ್. ತಗಡಿಗೆ ತುಕ್ಕು ಹಿಡಿದರೆ, ಗ್ಯಾರೇಜಿನವರು ಬಣ್ಣ ಹೊಡೆಯುವಾಗ ಅರ್ಥ್ ಬೋಲ್ಟಿನ ಜಾಗಕ್ಕೂ ಬಣ್ಣ ಹೊಡೆದುಬಿಟ್ಟರೆ, ಮರಳುವ ದಾರಿ ಮುಚ್ಚುತ್ತದೆ. ಕರೆಂಟು ಆಗ ಸಿಕ್ಕ ಬಾಗಿಲಿನಿಂದ ನುಗ್ಗುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ದೀಪವೂ ಜೊತೆಗೆ ಮಿನುಗುವುದು, ಇಂಥ ದೆವ್ವದಾಟಗಳೆಲ್ಲ ಹಿಂಬದಿ ದೀಪದ ಅರ್ಥ್ ಹೋದ ಲಕ್ಷಣ. ಬಲ್ಬ್ ಬದಲಿಸಿ ಪ್ರಯೋಜನವಿಲ್ಲ.

ಅರ್ಥ್ ಸರಿಯಿದೆಯೇ ಎಂದು ನೋಡಲು ಹೆಚ್ಚಿನವರು ಮೀಟರನ್ನು ಬೀಪ್ ಎನ್ನುವ ಕಡೆ ತಿರುಗಿಸಿ ಎರಡು ತುದಿ ಮುಟ್ಟಿಸುತ್ತಾರೆ. ಬೀಪ್ ಎಂದಿತು, ಸರಿಯಿದೆ ಎಂದು ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಮೋಸಹೋದವನು. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಕಾಫಿಗೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊನೆಯ ವಾಲ್ವ್ ಮುಚ್ಚಿಟ್ಟು ಪ್ರೆಷರ್ ನೋಡಿದರೆ ಅರ್ಧ ಕಟ್ಟಿಕೊಂಡ ಪೈಪಿನಲ್ಲಿಯೂ ಮುಳ್ಳು ಪೂರ್ತಿ ತೋರಿಸುತ್ತದೆ. ವಾಲ್ವ್ ತೆರೆದು ಜೆಟ್ ತಿರುಗಲು ಬಿಡಿ, ಆಗ ಮುಳ್ಳು ಬೀಳುತ್ತದೆ. ವೈರನ್ನೂ ಕರೆಂಟು ಹರಿಯುವಾಗಲೇ ಅಳೆಯಬೇಕು.

ಅಳೆಯುವ ಕ್ರಮ ಹೀಗೆ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಮೀಟರಿನ ವೈರುಗಳ ತುದಿಯ ಮುಳ್ಳುಗಳಲ್ಲಿ ಒಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ, ಅದರ ಮೇಲೆ ಕೂತ ಹಿಡಿಕೆಗಲ್ಲ. ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಈಗ ಸೆಲ್ಫ್ ಹೊಡೆಸಿ. 0.2, ಹೆಚ್ಚೆಂದರೆ 0.3 ವೋಲ್ಟ್ ಬರಬಹುದು. ನನ್ನ ಕಾರಿನಲ್ಲಿ 1.9 ಬಂದಿತ್ತು. ಅಂದರೆ ಸುಮಾರು ಎರಡು ವೋಲ್ಟು ಸೆಲ್ಫ್ ತಲುಪದೆ ಆ ಬೋಲ್ಟಿನಲ್ಲಿಯೇ ಶಾಖವಾಗಿ ಹಾರಿಹೋಗುತ್ತಿತ್ತು. ಲೆಕ್ಕ ಸುಲಭ: ಸೆಲ್ಫ್ 100 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ 0.02 ಓಮ್ ಅಡ್ಡಿ ಸಾಕು, 2 ವೋಲ್ಟ್ ಮಾಯ. 0.02 ಓಮ್ ಎಂಬುದು ಸಾಧಾರಣ ಮೀಟರಿನ ಓಮ್ ಅಳತೆಯಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಮುಳ್ಳನ್ನು ಕಾರಿನ ಬಾಡಿಗೆ ಒತ್ತಿ, ಹೆಡ್‌ಲೈಟ್ ಹಾಕಿ. ಇಲ್ಲಿ 0.1 ವೋಲ್ಟ್ ದಾಟಬಾರದು. ಆಮೇಲೆ ಮಂಕಾದ ದೀಪದ ಅರ್ಥ್ ವೈರಿಗೇ ಒತ್ತಿ ಅದೇ ರೀತಿ ನೋಡಿ. ಪ್ಲಸ್ ಬದಿಯನ್ನೂ ಹೀಗೆಯೇ: ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ, ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿನ ಒಳಗೆ ಇರಬೇಕು.

ಮೀಟರ್ ಇಲ್ಲದವರಿಗೆ ಒಂದು ಉಪಾಯವಿದೆ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಗಟ್ಟಿ ಲೋಹಕ್ಕೆ ಕಚ್ಚಿಸಿ. ಬೆಲ್ಟ್, ಫ್ಯಾನಿನಿಂದ ದೂರವಿರಲಿ. ಅಷ್ಟಕ್ಕೇ ಸೆಲ್ಫ್ ಹುರುಪಿನಿಂದ ಎದ್ದರೆ ದೋಷ ಅರ್ಥ್ ಕೇಬಲ್ಲಿನಲ್ಲಿ. ನಡುದಾರಿಯಲ್ಲಿ ಮನೆ ತಲುಪಲೂ ಇದು ಸಾಕು.

ಸಿಕ್ಕ ಮೇಲೆ ಮಾಡುವ ಕೆಲಸಕ್ಕೆ ಬುದ್ಧಿವಂತಿಕೆ ಬೇಡ, ತಾಳ್ಮೆ ಬೇಕು. ಬೋಲ್ಟ್ ಬಿಚ್ಚಿ, ಬಳೆಯ ಎರಡೂ ಮೈ, ಬಾಡಿಯ ಜಾಗ, ಬೋಲ್ಟಿನ ತಲೆಯ ಅಡಿ ಎಲ್ಲವನ್ನೂ ಎಮರಿ ಪೇಪರಿನಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಕೇಬಲ್ ಬಳೆಯೊಳಗೆ ಹೋಗುವ ಕಡೆ ಕಪ್ಪಾಗಿ ಪುಡಿಯಾಗಿದ್ದರೆ ಉಜ್ಜಿ ಉಪಯೋಗವಿಲ್ಲ, ಕೇಬಲ್ಲೇ ಬದಲಿಸಿ.

ಅಲ್ಲಾಡಿಸಿ, ಆದರೆ ಒಂದೊಂದೇ

ದೋಷ ಈಗಲೇ ಕಾಣದಿದ್ದರೆ ಅದನ್ನು ಕರೆಸಬೇಕು. ತೊಂದರೆ ಕೊಡುವ ದೀಪವನ್ನು ಹಾಕಿಟ್ಟು, ಅದರ ವೈರ್ ಹೋಗುವ ದಾರಿಯುದ್ದಕ್ಕೂ ಕೈ ಆಡಿಸಿ. ಒಟ್ಟು ಕಟ್ಟನ್ನು ಹಿಡಿದು ಕುಲುಕಿದರೆ ದೀಪ ಮಿಣುಕಬಹುದು, ಎಲ್ಲಿ ಎಂದು ಮಾತ್ರ ತಿಳಿಯದು. ಗೇಣುದ್ದ ಗೇಣುದ್ದ ಹಿಡಿದು, ಉಳಿದದ್ದನ್ನು ಇನ್ನೊಂದು ಕೈಯಲ್ಲಿ ಅಲ್ಲಾಡದಂತೆ ಒತ್ತಿ ಮುಂದುವರಿಯಿರಿ. ಕನೆಕ್ಟರುಗಳನ್ನು ಬಿಚ್ಚಿ ಒಳಗೆ ನೋಡಿ: ಹಸಿರು ಪುಡಿ, ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಹಿಂದಕ್ಕೆ ಜಾರಿದ ಪಿನ್. ಕೆಲವೊಮ್ಮೆ ಬಿಚ್ಚಿ ಹಾಕಿದ್ದರಿಂದಲೇ ದೋಷ ಮಾಯವಾಗುತ್ತದೆ. ಸಂತೋಷಪಡಬೇಡಿ, ಆ ಕನೆಕ್ಟರಿನ ಹೆಸರು ಪುಸ್ತಕದಲ್ಲಿ ಬರೆಯಿರಿ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಸಡಿಲವಾದ ಹೆಣ್ಣು ಪಿನ್ನನ್ನು ಚಿಮುಟದಿಂದ ತುಸು ಬಿಗಿ ಮಾಡಿ.

ಬಾಗಿಲು ಮತ್ತು ಡಿಕ್ಕಿಯ ಕೀಲಿನಲ್ಲಿ ಹಾದುಹೋಗುವ ವೈರುಗಳದ್ದು ಬೇರೆಯೇ ಕಥೆ. ಸಾವಿರಾರು ಸಲ ಬಾಗಿದ ತಾಮ್ರ ಒಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಇರುತ್ತದೆ. ರಬ್ಬರ್ ಕೊಳವೆ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ಒಳಗೆ ತಾಮ್ರ ಇರುವ ವೈರ್ ಗಟ್ಟಿಯಾಗಿ ನಿಲ್ಲುತ್ತದೆ, ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ. ಬೆರಳಿಗೆ ಒಮ್ಮೆ ಆ ಹಿಗ್ಗು ಸಿಕ್ಕರೆ ಮತ್ತೆ ಮರೆಯುವುದಿಲ್ಲ.

ಕೀಲಿಯ ಸ್ವಿಚ್ಚನ್ನು ಪರೀಕ್ಷಿಸುವುದು ಇನ್ನೂ ಸುಲಭ: ಎಂಜಿನ್ ಓಡುವಾಗ ಕೀಲಿಯನ್ನು ಇದ್ದಲ್ಲಿಯೇ ಅತ್ತಿತ್ತ ಅಲುಗಿಸಿ. ಎಂಜಿನ್ ತಡವರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಒಮ್ಮೆ ನನ್ನ ಆಟೋ ಎಲೆಕ್ಟ್ರಿಷಿಯನ್ ಕಾರು ನೋಡುವ ಮೊದಲು ಕೀಲಿ ನೋಡಿ ನಕ್ಕರು. ಅದರ ಜೊತೆ ಮನೆಯ ಬೀಗದ ಕೈ, ಕಾಫಿ ಗೋದಾಮಿನದು, ಪಂಪ್ ಹೌಸಿನದು, ಮೇಲೆ ಹಿತ್ತಾಳೆಯ ಒಂದು ಗಂಟೆ. ‘ಮೊದಲು ಈ ಗೊಂಚಲು ಬಿಚ್ಚಿ ಸಾರ್, ಆಮೇಲೆ ಮಾತನಾಡೋಣ’ ಎಂದರು. ಆ ಭಾರ ಪ್ರತಿ ಹಳ್ಳದಲ್ಲಿಯೂ ಸ್ವಿಚ್ಚನ್ನು ಜಗ್ಗುತ್ತಿತ್ತು. ಅವರು ಸ್ವಿಚ್ಚಿನ ಹಿಂಭಾಗ ಬಿಚ್ಚಿದಾಗ ಇನ್ನೊಂದು ಅಪರಾಧವೂ ಹೊರಬಿತ್ತು. ಹಿಂದಿನ ಮಾಲೀಕರು ಮಂಜಿಗೆಂದು ಹಾಕಿಸಿದ್ದ ಫಾಗ್ ಲ್ಯಾಂಪಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇಲ್ಲದೆ ನೇರವಾಗಿ ಅಲ್ಲಿಂದಲೇ ಕರೆಂಟು ಎಳೆದಿದ್ದರು. ಪ್ಲಾಸ್ಟಿಕ್ ಕರಗಿ ಪಿನ್ ಓರೆಯಾಗಿತ್ತು. ಹಳೆಯ ಕಾರು ಕೊಂಡವರಿಗೆ ನನ್ನ ಸಲಹೆ: ಫ್ಯಾಕ್ಟರಿಯಲ್ಲಿ ಹಾಕದ ಪ್ರತಿಯೊಂದು ವೈರಿನ ಮೇಲೂ ಮೊದಲು ಸಂಶಯಪಡಿ. ಫಾಗ್ ಲ್ಯಾಂಪ್, ಮ್ಯೂಸಿಕ್ ಸಿಸ್ಟಂ, ಎರಡನೆಯ ಹಾರ್ನ್, 60/55 ವ್ಯಾಟಿನ ಜಾಗದಲ್ಲಿ ಹಾಕಿದ 100/90 ವ್ಯಾಟಿನ ಬಲ್ಬ್.

ಫ್ಯೂಸ್ ಮತ್ತು ರಿಲೇ

ಫ್ಯೂಸನ್ನು ಕಣ್ಣಿನಿಂದ ನೋಡಿ ನಂಬಬೇಡಿ, ಕಾಲುಗಳನ್ನು ನೋಡಿ. ಕಾಲು ಕಪ್ಪಾಗಿದ್ದರೆ ಹಿಡಿಕೆ ಸಡಿಲವಾಗಿ ಅಲ್ಲಿ ಬಿಸಿಯಾಗುತ್ತಿದೆ ಎಂದರ್ಥ. ಕೈಗೆ ಬಿಸಿ ತಗಲುವ ಫ್ಯೂಸ್ ಸುದ್ದಿ ಹೇಳುತ್ತದೆ. ರಿಲೇ ‘ಟಿಕ್’ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ಟಿಕ್ ಎನ್ನುವುದು ಒಳಗಿನ ಸುರುಳಿಯ ಸದ್ದು, ಕಾಂಟ್ಯಾಕ್ಟ್ ಸುಟ್ಟಿದ್ದರೂ ಅದು ಟಿಕ್ ಎನ್ನುತ್ತಲೇ ಇರುತ್ತದೆ. ಕಾಲಿನ ಸಂಖ್ಯೆಗಳು ಒಂದೇ ಆಗಿರುವ (30, 85, 86, 87) ಇನ್ನೊಂದು ರಿಲೇಯನ್ನು ಅದಲುಬದಲು ಮಾಡಿ ನೋಡುವುದು ಅತಿ ಅಗ್ಗದ ಪರೀಕ್ಷೆ.

ಒಮ್ಮೊಮ್ಮೆ ಮಾತ್ರ ಹಾರುವ ಫ್ಯೂಸ್ ಇದ್ದರೆ ಹತ್ತು ಫ್ಯೂಸ್ ಸುಡುವ ಬದಲು ಹೀಗೆ ಮಾಡಿ. ಫ್ಯೂಸ್ ತೆಗೆದು ಅದರ ಎರಡು ಕಿಂಡಿಗಳ ನಡುವೆ ಹೆಡ್‌ಲೈಟಿನ ಹಳೆಯ ಬಲ್ಬನ್ನು ವೈರ್ ಹಾಕಿ ಜೋಡಿಸಿ. ಶಾರ್ಟ್ ಆದಾಗ ಈ ಬಲ್ಬ್ ಪೂರ್ತಿ ಬೆಳಗುತ್ತದೆ, ಕರೆಂಟನ್ನೂ ತಾನೇ ತಡೆಯುತ್ತದೆ. ಈಗ ವೈರಿನ ದಾರಿ ಹಿಡಿದು ಒಂದೊಂದೇ ಗೇಣು ಅಲ್ಲಾಡಿಸಿ, ಒಂದೊಂದೇ ಕನೆಕ್ಟರ್ ಬಿಚ್ಚಿ. ಬಲ್ಬ್ ಆರಿದ ಅಥವಾ ಮಂಕಾದ ಜಾಗದಲ್ಲಿಯೇ ತಗಡಿಗೆ ಉಜ್ಜಿದ ವೈರ್ ಇರುತ್ತದೆ. ಬಲ್ಬ್ ಸುಡುವಷ್ಟು ಬಿಸಿಯಾಗುತ್ತದೆ, ಸೀಟಿನ ಬಟ್ಟೆಯ ಮೇಲೆ ಇಡಬೇಡಿ.

10 ಆಂಪಿಯರ್ ಫ್ಯೂಸ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಇದ್ದಲ್ಲಿ ಹಸಿರು ಹಾಕಿದರೆ ಮುಂದಿನ ಸಲ ಸುಡುವುದು ವೈರ್. ಸುಟ್ಟ ಫ್ಯೂಸಿಗೆ ಸುತ್ತುವ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದ ಬಗ್ಗೆ ನಾನು ಹೇಳಬೇಕಾಗಿಲ್ಲ.

ಮಂಜಿನ ಬೆಳಿಗ್ಗೆ, ಘಾಟಿಯ ಮಧ್ಯಾಹ್ನ

ಡಿಸ್ಟ್ರಿಬ್ಯೂಟರ್ ಇರುವ ಕಾರಿನ ಮಾಲೀಕರು ಮಳೆ ಹಿಡಿಯುವ ಮೊದಲು, ಮೇ ಕೊನೆಯಲ್ಲಿ, ಅದರ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಲೋಹದ ಗುಬ್ಬಿಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ತೆಳ್ಳನೆಯ ಕಪ್ಪು ಗೆರೆ ಕಂಡರೆ ಕಿಡಿ ದಾರಿ ತಪ್ಪಿ ಅಲ್ಲೇ ಓಡಾಡಿದೆ. ಆ ಗೆರೆಯನ್ನು ಒರೆಸಿದರೆ ಹೋಗುವುದಿಲ್ಲ, ಮುಚ್ಚಳ ಬದಲಿಸಬೇಕು. ಬರೀ ತೇವವಿದ್ದರೆ ಒಣ ಬಟ್ಟೆಯಿಂದ ಒರೆಸಿ ಹಾಕಿದರೆ ಸಾಕು, ಎಂಜಿನ್ ಏಳುತ್ತದೆ.

ಪ್ಲಗ್ ವೈರುಗಳ ಪರೀಕ್ಷೆಗೆ ಕತ್ತಲೆ ಬೇಕು. ರಾತ್ರಿ ಶೆಡ್ಡಿನ ದೀಪ ಆರಿಸಿ, ಬಾಗಿಲು ತೆರೆದಿಟ್ಟು, ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಕೈ ಸ್ಪ್ರೇಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸಿ. ಸೋರುವ ಕಡೆ ನೀಲಿ ಕಿಡಿ ಹಾವಿನ ನಾಲಿಗೆಯಂತೆ ಹೊರಬಂದು ಎಂಜಿನ್ನಿಗೆ ತಾಗುತ್ತದೆ, ಚಟಚಟ ಸದ್ದು ಕೇಳುತ್ತದೆ. ಆ ವೈರುಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಮುಟ್ಟಬೇಡಿ. ಹೆಗಲ ಮೇಲಿನ ಟವೆಲ್ ಬೆಲ್ಟಿಗೆ ಸಿಕ್ಕದಿರಲಿ.

ಏರು ಹತ್ತಿ ಬಿಸಿಯಾದ ಮೇಲೆ ನಿಲ್ಲುವ ಕಾರಿಗೆ ಕಾಯಬಾರದು, ನಿಂತ ಕೂಡಲೇ ನೋಡಬೇಕು. ಜೊತೆಗಿಟ್ಟುಕೊಂಡ ಒಂದು ಬಿಡಿ ಪ್ಲಗ್ಗನ್ನು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಮೈ ಎಂಜಿನ್ ಲೋಹಕ್ಕೆ ತಾಗುವಂತೆ ಇಟ್ಟು, ಕೈಯಲ್ಲಿ ಹಿಡಿಯದೆ ಸೆಲ್ಫ್ ಹೊಡೆಸಿ. ಕಾರ್ಬ್ಯುರೇಟರಿನ ಬಳಿ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಬೇಡ. ಕಿಡಿ ಇಲ್ಲದೆ, ತಣ್ಣಗಾದ ಮೇಲೆ ಮರಳಿ ಬಂದರೆ ಕಾಯಿಲ್, ಪಾಯಿಂಟ್ ಇರುವ ಕಾರಾದರೆ ಕಂಡೆನ್ಸರ್, ಎಲೆಕ್ಟ್ರಾನಿಕ್ ಇಗ್ನಿಷನ್ ಆದರೆ ಮಾಡ್ಯೂಲ್ ಅಥವಾ ಅದರ ಪಿಕಪ್. ಇಂಜೆಕ್ಷನ್ ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಇದೇ ಆಟ ಆಡುತ್ತದೆ. ಕಿಡಿ ಚೆನ್ನಾಗಿದ್ದರೆ ವೈರಿಂಗ್ ಬಿಡಿ, ಪೆಟ್ರೋಲಿನ ದಾರಿ ನೋಡಿ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ನಿಂತರೂ ಲಕ್ಷಣ ಹೀಗೆಯೇ ಇರುತ್ತದೆ.

ಶೆಡ್ಡಿನಲ್ಲಿ ಖಾಲಿಯಾಗುವ ಬ್ಯಾಟರಿ

ಕೀಲಿ ತೆಗೆದು, ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಕಿಂಡಿಯಲ್ಲಿ ಸೇರಿಸಿ. ಹಳೆಯ ಕಾರಿನಲ್ಲಿ 0.05 ಆಂಪಿಯರಿಗಿಂತ ಹೆಚ್ಚು ಬರಬಾರದು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಅಂಕಿ ಬಿದ್ದ ಫ್ಯೂಸಿನ ದಾರಿಯಲ್ಲಿ ಸೋರಿಕೆ. ಯಾವ ಫ್ಯೂಸಿಗೂ ಬೀಳದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಸಂಶಯ. ಡಿಕ್ಕಿಯ ಒಂದು 5 ವ್ಯಾಟಿನ ದೀಪ ಆರದೆ ಉಳಿದರೆ ಗಂಟೆಗೆ 0.4 ಆಂಪಿಯರ್-ಅವರ್ ಹೋಗುತ್ತದೆ, 35 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನ ತಾಳುವುದಿಲ್ಲ. ಮೀಟರ್ ಹೀಗೆ ಕೂತಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ನನ್ನದು ಎರಡು ಸಲ ಹೋಗಿದೆ.

ಇಲಿ ಮತ್ತು ಗಂಟು

ಕಾಫಿ, ಭತ್ತ, ಹುಲ್ಲು ಇರುವ ಶೆಡ್ಡಿನಲ್ಲಿ ಇಲಿಯೂ ಇರುತ್ತದೆ, ಬೆಚ್ಚಗಿನ ಎಂಜಿನ್ ಅದಕ್ಕೆ ಮಳೆಗಾಲದ ಮನೆ. ಹೊಗೆಸೊಪ್ಪು ಇಟ್ಟು ನೋಡಿದೆ. ಇಲಿ ಅದನ್ನು ಪಕ್ಕಕ್ಕೆ ಸರಿಸಿ ವೈರ್ ತಿಂದಿತು. ಸ್ವಲ್ಪ ಫಲ ಕಂಡದ್ದು ರಾತ್ರಿ ಬಾನೆಟ್ ತೆರೆದಿಡುವುದರಿಂದ ಮತ್ತು ಕಾರನ್ನು ಎರಡು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಿಸದಿರುವುದರಿಂದ.

ಕಡಿದ ವೈರನ್ನು ಜೋಡಿಸುವಾಗ ಬರೀ ಹೊಸೆದು ಕಪ್ಪು ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಹೊಸ ದೋಷ. ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ನೀರು ನಿಲ್ಲುತ್ತದೆ. ಅದೇ ದಪ್ಪದ ವೈರ್ ತೆಗೆದುಕೊಳ್ಳಿ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ. ಬಿಸಿಗೆ ಬಿಗಿಯುವ ಸ್ಲೀವನ್ನು ಮೊದಲೇ ತೂರಿಸಿಟ್ಟು (ಇದನ್ನು ಎಲ್ಲರೂ ಮರೆಯುತ್ತಾರೆ, ಬೆಸುಗೆಯಾದ ಮೇಲೆ ನೆನಪಾಗುತ್ತದೆ), ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ, ಸ್ಲೀವ್ ಎಳೆದು ಕಾಯಿಸಿ. ಪಕ್ಕಪಕ್ಕದ ಎರಡು ವೈರುಗಳ ಗಂಟು ಒಂದೇ ಎತ್ತರದಲ್ಲಿ ಬರದಿರಲಿ. ಗಂಟಿಗೆ ಮೊದಲು ವೈರ್ ಸ್ವಲ್ಪ ಕೆಳಕ್ಕೆ ಜೋತುಬೀಳುವಂತೆ ಕಟ್ಟಿದರೆ ಅದರ ಗುಂಟ ಇಳಿದ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಗಂಟಿಗೆ ತಲುಪುವುದಿಲ್ಲ.

ದಾರಿಯಲ್ಲಿ ನಿಂತರೆ

ಘಾಟಿಯಲ್ಲಾದರೆ ಎಡಕ್ಕೆ ಒತ್ತಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ನಾಲ್ಕೂ ಇಂಡಿಕೇಟರ್ ಹಾಕಿ. ತಿರುವಿನಲ್ಲಿ ಬಾನೆಟ್ ಎತ್ತಿ ನಿಂತು ಯೋಚಿಸಬೇಡಿ. ಮಾಲ್ದಾರೆ, ಸಿದ್ದಾಪುರದ ಕಡೆ ರಾತ್ರಿ ನಿಂತರೆ ಕಾರಿನಿಂದ ಇಳಿಯುವ ಮಾತೇ ಇಲ್ಲ, ಆನೆ ಯಾವ ಬದಿಯ ತೋಟದಲ್ಲಿದೆ ಎಂದು ಯಾರಿಗೆ ಗೊತ್ತು. ಪರಿಚಿತರಿಗೆ ಫೋನ್ ಮಾಡಿ ಗಾಜು ಏರಿಸಿ ಕೂತುಕೊಳ್ಳಿ.

ಏರ್‌ಬ್ಯಾಗ್ ಇರುವ ಕಾರಿನ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ, ಎಂಜಿನ್ ಕಂಪ್ಯೂಟರಿನ ವೈರುಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಅಲ್ಲಿಂದ ಮುಂದೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬೇಕು. ಅವರ ಬಳಿ ಹೋದಾಗ ‘ಏನೋ ಆಗುತ್ತದೆ’ ಎನ್ನದೆ ಪುಸ್ತಕ ತೆರೆದು ಮುಂದಿಡಿ.

ರಿಪೇರಿ ಆದ ಮೇಲೆ ದೋಷ ಬರುತ್ತಿದ್ದ ಸ್ಥಿತಿಯಲ್ಲಿಯೇ ಓಡಿಸಿ ನೋಡಿ: ಅದೇ ರಸ್ತೆ, ಅದೇ ಮಳೆ, ಅಷ್ಟೇ ದೀಪಗಳು. ನನ್ನ ಕಾರು ಆ ಬೋಲ್ಟ್ ಉಜ್ಜಿದ ಮೇಲೆ ಎರಡು ಮಳೆಗಾಲ ದಾಟಿದೆ. ಎಡಗಡೆಯ ಇಂಡಿಕೇಟರ್ ಮಾತ್ರ ಇತ್ತೀಚೆಗೆ ಆಗೊಮ್ಮೆ ಈಗೊಮ್ಮೆ ಬೇಗಬೇಗ ಮಿಟುಕುತ್ತದೆ. ಬಲ್ಬ್ ಸರಿಯಿದೆ, ಹೋಲ್ಡರಿನಲ್ಲಿ ಅಥವಾ ಅದರ ಅರ್ಥ್‌ನಲ್ಲಿ ಇರಬೇಕು. ಪುಸ್ತಕದಲ್ಲಿ ಈವರೆಗೆ ನಾಲ್ಕು ಸಾಲಾಗಿದೆ, ನಾಲ್ಕೂ ಮಳೆ ನಿಂತ ಮಾರನೆಯ ದಿನದವು.